ಪಾಲಿಗೆ ಬಂದದ್ದು

ತಾತ ಹಸಿಂತೊ ತೀರಿಕೊಂಡಾಗ
ಅಪ್ಪನ ಪಾಲಿಗೆ ಐವತ್ತೊಂದರ ಶೆವರ್ಲೆ,
ದೊಡ್ಡಪ್ಪ ಎಲ್ಬಿಯೊನ ಪಾಲಿಗೆ
ಅದರ ಬಿಡಿಭಾಗಗಳ ಪೆಟ್ಟಿಗೆ.
ಸಾಲ್ಟೊ ಊರಿನ ನೋಟರಿ ಕನ್ನಡಕ ಒರೆಸಿಕೊಂಡು
ಮೂರು ಸಲ ಓದಿದ.
ಮುದುಕ ತಮಾಷೆ ಮಾಡಿದನೋ, ಗಂಟು ಹಾಕಿದನೋ,
ಯಾರಿಗೂ ತಿಳಿಯಲಿಲ್ಲ.
ಅಣ್ಣತಮ್ಮ ಅಂದೇ ಮಾತು ಬಿಟ್ಟರು.
ಒಂಬತ್ತು ವರ್ಷ ಕಾರೂ ಹಟಕ್ಕೆ ಬಿದ್ದು
ಕೆಡದೆ ಓಡಿತು.

ಕಿತ್ತಳೆ ಕೊಯ್ಲಿನ ಜೂನ್. ಮೈ ಕೊರೆಯುವ ಚಳಿ.
ನದಿ ದಂಡೆಯ ಏರಿನಲ್ಲಿ ಎರಡು ಸಲ ಕೆಮ್ಮಿ
ನಿಂತಿತು.
ಅಪ್ಪ ಎಣ್ಣೆ ಕಡ್ಡಿ ಎಳೆದು ಮೂಸಿದ,
ನನ್ನ ಮೂಗಿಗೂ ಹಿಡಿದ. ಪೆಟ್ರೋಲ್ ನಾತ.
"ಪಂಪಿನ ಪೊರೆ ಹರಿದು ಎಣ್ಣೆಗೆ ಇಳೀತಾ ಇದೆ,"
ಜೂಜಿನಲ್ಲಿ ಸೋತವನ ದನಿಯಲ್ಲಿ ಅಂದ.
ಅಂಥ ಪಂಪು ಊರಿಗೆಲ್ಲ ಒಂದೇ.
ಎಲ್ಲಿದೆಯೆಂದು ಇಡೀ ಬೀದಿಗೆ ಗೊತ್ತು.

ಅವ್ವ ಸೈಕಲ್ ಹತ್ತಿ ಹೋದಳು.
ಏನು ಕೇಳಿದಳೋ, ಹೇಗೆ ಕೇಳಿದಳೋ,
ಪಂಪಿನ ಜೊತೆ ದೊಡ್ಡಪ್ಪನೇ ಬಂದ,
ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ
ಮದುವೆಗೆ ಬಂದವನಂತೆ.

ಯಾರೂ ಯಾರನ್ನೂ ಬಾ ಅನ್ನಲಿಲ್ಲ.
ನಾನು ದೀಪ ಹಿಡಿದೆ.

ಬ್ಯಾಟರಿ ತಂತಿ ಕಳಚಿದ.
ಟ್ಯಾಂಕಿನ ಕೊಳವೆ ಬಿಚ್ಚಿ
ಬಾಯಿಗೆ ನನ್ನ ಪೆನ್ಸಿಲ್ ತುರುಕಿದ.
ಎರಡು ಬೋಲ್ಟು. ಒಂದು ಸಲೀಸು,
ಇನ್ನೊಂದು ಐವತ್ತೊಂದರಿಂದ ಅಲ್ಲೇ ಬೇರು ಬಿಟ್ಟದ್ದು.
ಮುಖ ತಿರುಗಿಸದೆ ಹಿಂದಕ್ಕೆ ಕೈ ಚಾಚಿ
"ಅರ್ಧ ಇಂಚು" ಅಂದ.
ಅಪ್ಪ ಅರ್ಧ ಇಂಚಿನ ಪಾನಾ ಕೊಟ್ಟ.
ಒಂಬತ್ತು ವರ್ಷಕ್ಕೆ ಅರ್ಧ ಇಂಚು.
ಹೀಗೇ ಹೋದರೆ ಒಂದು ಗೇಣು ಹತ್ತಿರವಾಗಲು
ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ದೀಪ ಹಿಡಿಯಬೇಕು.

"ಎಲ್ಲರೂ ಇದನ್ನ ಗಾಡಿಯ ಎದೆ ಅಂತಾರೆ,"
ಕಳಚಿದ್ದನ್ನು ತೋರಿಸಿ ದೊಡ್ಡಪ್ಪ ನನಗೆ,
ನನಗೊಬ್ಬಳಿಗೇ, ಹೇಳಿದ:
"ಸುಳ್ಳು. ಇದು ಹಾಲು ಕರೆಯೋ ಕೈ.
ಒಳಗೆ ಕ್ಯಾಮ್ ಸುತ್ತಿ ಈ ತೋಳನ್ನ ಒತ್ತುತ್ತೆ,
ಪೊರೆ ಎಳೆಯುತ್ತೆ, ಸ್ಪ್ರಿಂಗು ದೂಡುತ್ತೆ.
ಕರು ಸಾಕು ಅಂದರೆ
ಕೈ ಸುಮ್ಮನಾಗುತ್ತೆ."

ಪೆಟ್ಟಿಗೆಯಲ್ಲಿ ಗ್ಯಾಸ್ಕೆಟ್ ಇರಲಿಲ್ಲ.
ನನ್ನ ಶಾಲೆಯ ಬೂಟಿನ ರಟ್ಟಿನ ಡಬ್ಬಿ ಕತ್ತರಿಸಿ
ಎಣ್ಣೆಯಲ್ಲಿ ನೆನೆಸಿದರು.

ಹೊಸ ಪಂಪು ಮಾತ್ರ ಕೂರಲೊಲ್ಲದು.
ಕ್ಯಾಮಿನ ಉಬ್ಬು ಎದುರಿಗಿದೆ, ತೋಳು ತಗಲುತ್ತಿದೆ,
ಒಬ್ಬನಿಂದಾಗುವ ಕೆಲಸವಲ್ಲ.
ಗೇರಿಗೆ ಹಾಕಿ ಅಪ್ಪ ಹಿಂದಿನಿಂದ
ಕಾರನ್ನೇ ಅಂಗುಲ ಅಂಗುಲ ತಳ್ಳಿದ.
ಎಂಜಿನ್ನೊಳಗೆ ಮೊಣಕೈವರೆಗೆ ಇಳಿದ ದೊಡ್ಡಪ್ಪ
ಕಾರಿನ ಜೊತೆಗೇ ಅಡ್ಡಡ್ಡ ನಡೆದ.
"ಇನ್ನೂ."
"ಇನ್ನೂ."
"ಅಯ್ಯೋ, ನಿಲ್ಲಿಸೋ ಕತ್ತೆ!"
ಇಬ್ಬರೂ ಒಂದು ಕ್ಷಣ ನಿಂತರು.
ಪಂಪು ಕೂತಿತ್ತು.

ಒಣ ಪಂಪಿಗೆ ದಾಹ ಹತ್ತಿಸಲು
ಅದರ ಮೇಲಿನ ಕೊಳವೆಯನ್ನು ಬಾಯಿಂದಲೇ ಎಳೆದು
ದೊಡ್ಡಪ್ಪ ಪೆಟ್ರೋಲ್ ಉಗುಳಿದ.
ಗಾಜಿನ ಬಟ್ಟಲು ಕಾಲು ತುಂಬಿತು, ಅರ್ಧ,
ದೀಪಕ್ಕೆ ಚಹಾದ ಬಣ್ಣ.
ಆಮೇಲೆ ಎಂಜಿನ್ ಕೊಟ್ಟ ಸದ್ದಿಗೆ
ಪಕ್ಕದ ಮನೆಯ ನಾಯಿ ಎದ್ದಿತು.

ಅವ್ವ ಮಾತೆ ತಂದಳು, ಬಿಸಿಬಿಸಿ, ಕಹಿ.
ನಮ್ಮಲ್ಲಿ ಅದಕ್ಕೆ ಒಂದೇ ಬುರುಡೆ, ಒಂದೇ ಕೊಳವೆ,
ಎಂಜಲು ಎಣಿಸುವವರು ಕುಡಿಯುವಂತಿಲ್ಲ.
ಮಾತಿರಲಿಲ್ಲ, ಮಾತೆ ಇತ್ತು.
ಮೊದಲು ದೊಡ್ಡಪ್ಪ ಹೀರಿದ,
ಆಮೇಲೆ ನಾವೆಲ್ಲ
ಪೆಟ್ರೋಲ್ ಕುಡಿದೆವು.

ಹೊರಡುವಾಗ ಹರಿದ ಪೊರೆಯ ಹಳೇ ಪಂಪನ್ನು
ಪೇಪರಿನಲ್ಲಿ ಸುತ್ತಿಕೊಂಡ.
"ಬಿಡಿಭಾಗ ನನ್ನ ಪಾಲು," ಅಂದ
ಯಾರೂ ಕೇಳದಿದ್ದರೂ.
ಅಪ್ಪ ಗೇಟು ತೆಗೆದ.

ಈಗಲೂ ಶಾಲೆಗೆ ಹೋಗುವ ಮುಂಚೆ
ನಾನು ಕದ್ದು ಬಾನೆಟ್ ಎತ್ತಿ
ಎಣ್ಣೆ ಕಡ್ಡಿ ಎಳೆದು
ಮೂಸುತ್ತೇನೆ.