ನನ್ನ ದಾರಿಯ ಕೊನೆಗೆ ಬಂದರು

ಮೊದಲು ಕಾರ್ಬನ್ ಹಾಳೆಯ ಪುಸ್ತಕ, ಆಮೇಲೆ ಈ ಪಿಗ್ಮಿ ಯಂತ್ರ.
ಹತ್ತೊಂಬತ್ತು ವರ್ಷ ಒಂದೇ ದಾರಿ:
ಕೋಡಿಬಾಗದ ಗ್ಯಾರೇಜಿನಿಂದ ಶುರು,
ಕಾಜುಬಾಗ, ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿ,
ಮೀನುಪೇಟೆ, ಕೊನೆಗೆ ಬೈತಖೋಲದ ಬಂದರು.
ಐವತ್ತು, ನೂರು, ಕೆಲವರದು ಇಪ್ಪತ್ತೇ.
ನೋಟು ಮೂಸಿಯೇ ಹೇಳಬಲ್ಲೆ ಯಾರದ್ದೆಂದು:
ಇಸ್ಮಾಯಿಲನದಕ್ಕೆ ಹೊಲಿಗೆ ಯಂತ್ರದ ಎಣ್ಣೆ,
ಫಿಲೋಮಿನಾ ಬಾಯಿಯದಕ್ಕೆ ಪಾವಿನ ಹಿಟ್ಟು,
ಚಂದ್ರಭಾಗಿ ತಾಂಡೇಲಳ ನೋಟು
ಒಣ ಶೆಟ್ಲಿಯ ಜೊತೆ ಮಲಗಿ ಎದ್ದದ್ದು.

ಈ ವರ್ಷ ನೋಟು ಸಣ್ಣದಾಗುತ್ತ ಬಂತು.
ಸಿಗಡಿ ಹೊರದೇಶಕ್ಕೆ ಹೋಗುವುದು ನಿಂತಿತು,
ಐಸ್ ಫ್ಯಾಕ್ಟರಿ ಒಂದೇ ಪಾಳಿಗಿಳಿಯಿತು.
ನೂರು ಕೊಡುವವರು ಐವತ್ತು ಕೊಟ್ಟು ಗೋಡೆ ನೋಡಿದರು.
ಐವತ್ತಿನವರು "ನಾಳೆ ಬಾ ಅಕ್ಕ" ಎಂದರು,
ನಾಳೆಯೂ ನಾಳೆ ಎಂದರು.

ನನ್ನದೂ ಸ್ವಲ್ಪ ಇತ್ತು,
ಯಾರೋ ಕಲಿಸಿದರೆಂದು ಫೋನಿನಲ್ಲಿ ಕೊಂಡ ಷೇರು.
ಎಂಬತ್ತು ಸಾವಿರ ಹಾಕಿದ್ದು
ನಲವತ್ತೊಂದಾಗಿ ಕೆಂಪಗೆ ಕೂತಿತ್ತು.
ರಾತ್ರಿ ಚಾದರದೊಳಗೆ ತೆರೆದು ನೋಡುತ್ತಿದ್ದೆ,
ಜ್ವರದ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡಿದ ಹಾಗೆ.
ಮುಟ್ಟಿದರೆ ಜ್ವರ ಇಳಿಯುತ್ತದೆಯೇ.

ಚಂದ್ರಭಾಗಿಗೆ ಹೇಳಿದೆ. "ಮಾರಿದ್ಯಾ?"
"ಇಲ್ಲ."
"ಬೇಡದ ದುಡ್ಡಾದರೆ ಮರೆತುಬಿಡು.
ಬೇಕಾಗುವ ದುಡ್ಡನ್ನು ಅಲ್ಲಿ ಹಾಕು ಅಂದವರು ಯಾರು?
ಮೀನು ಹಸಿ ಇದ್ದಾಗಲೇ ಉಪ್ಪು ಹಾಕಬೇಕು ಬಾಯಿ,
ನಾತ ಬಂದಮೇಲೆ ಹಾಕಿದರೆ ಉಪ್ಪೂ ದಂಡ."
ಅವಳದ್ದು ಹೀಗೆ:
ದೋಣಿ ಇಳಿಯದ ಎರಡು ತಿಂಗಳಿಗೆ ಅಕ್ಕಿ ಡಬ್ಬಿಯಲ್ಲಿಷ್ಟು,
ಅಣ್ಣನ ದೋಣಿಯಲ್ಲಿ ಕಾಲು ಪಾಲು,
ಕಿವಿಯಲ್ಲೊಂದಿಷ್ಟು ಬಂಗಾರ,
ಉಳಿದದ್ದೆಲ್ಲ ನನ್ನ ಯಂತ್ರದಲ್ಲಿ.
"ನಿನ್ನ ಹತ್ತಿರ ಇರೋದಕ್ಕೆ ಮಾತ್ರ
ನಾನು ಉಪ್ಪು ಹಾಕಿಲ್ಲ" ಎಂದು ನಕ್ಕಳು.

ಶನಿವಾರ, ಸೊಸೈಟಿಯ ಶಟರು ಅರ್ಧ ಎಳೆದು
ರೇವಣಕರ ಸಾಹೇಬರು ನನ್ನ ಮುಖ ನೋಡದೆ ಹೇಳಿದರು:
"ಶಾಲಿನಿ, ನಿಮ್ಮದೇನಾದರೂ ಇದ್ದರೆ ಇವತ್ತೇ ತಗೊಳ್ಳಿ.
ದೊಡ್ಡ ಸಾಲಗಳು ಮುಳುಗಿವೆ. ಬಾಯಿ ಬಿಡಬೇಡಿ."
ಫ್ಯಾನ್ ತಿರುಗುತ್ತಿತ್ತು.
ಕ್ಯಾಲೆಂಡರಿನ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು.

ಭಾನುವಾರ ದಂಡೆಯಲ್ಲಿ ಕೂತೆ.
ದೇವಗಡದ ದೀಪ ಬಂತು, ಹೋಯಿತು, ಬಂತು.
ಇನ್ನೂರಾ ಹನ್ನೆರಡು ಖಾತೆ,
ಹೆಸರು ಹಿಡಿದು ಎಣಿಸಿದೆ.
ಪ್ರತಿ ಸಲ ಎಲ್ಲೋ ಒಂದು ತಪ್ಪುತ್ತಿತ್ತು.

ಸೋಮವಾರ. ಯಂತ್ರ ಚಾರ್ಜಾಗಿತ್ತು,
ಕಾಗದದ ಸುರುಳಿ ಹೊಸದು.
ಇಸ್ಮಾಯಿಲ್ ಐವತ್ತು ಚಾಚಿದ.
"ಇವತ್ತು ಬೇಡ."
"ಯಾಕಕ್ಕ, ರಜೆಯಾ?"
"ಹೊಲಿಗೆ ಬಿಡು. ಪಾಸ್‌ಬುಕ್ ಹಿಡಿದು ಆಫೀಸಿಗೆ ಹೋಗು, ಈಗಲೇ."
ಬಾಗಿಲು ಬಾಗಿಲಿಗೆ ಇದೇ ಮಾತು.
ಹನ್ನೊಂದಕ್ಕೆ ಸಾಹೇಬರ ಫೋನು. ಎತ್ತಲಿಲ್ಲ.
ಹನ್ನೆರಡಕ್ಕೆ ಮತ್ತೆ.
ಆಮೇಲೆ ಬರಲೇ ಇಲ್ಲ.

ಮೊದಲು ಓಡಿದವರಿಗೆ ಸಿಕ್ಕಿತು.
ನಾನು ಶುರು ಮಾಡಿದ್ದು ಕೋಡಿಬಾಗದಿಂದ,
ಹತ್ತೊಂಬತ್ತು ವರ್ಷದ ಕಾಲು, ಬೇರೆ ದಾರಿ ಅದಕ್ಕೆ ಹೊಳೆಯಲೇ ಇಲ್ಲ.
ಬೈತಖೋಲ ಮುಟ್ಟುವಾಗ ಒಂದೂವರೆ,
ಸೊಸೈಟಿಯ ಶಟರು ಪೂರ್ತಿ ನೆಲ ಮುಟ್ಟಿತ್ತಂತೆ.

ಚಂದ್ರಭಾಗಿ ಚಾಪೆಯ ಮೇಲೆ ಬಂಗಡೆ ಮಗುಚುತ್ತಿದ್ದಳು.
ಎಲ್ಲ ಕೇಳಿದಳು. ಕೈ ನಿಲ್ಲಲಿಲ್ಲ.
"ನಿಂದು ತೆಗೆದ್ಯಾ?"
"ಅರ್ಧ."
"ಯಾವಾಗ?"
"ಶನಿವಾರ."

ಒಂದು ಬಂಗಡೆ ಮಗುಚಿದಳು. ಇನ್ನೊಂದು.
ಸಾಲು ಮುಗಿಯುವ ತನಕ ನಾನು ನಿಂತೇ ಇದ್ದೆ,
ಹೆಗಲಲ್ಲಿ ಖಾಲಿ ಯಂತ್ರ.
ಕಡಲ ಕಡೆಯಿಂದ ಒಂದು ಮೋಡ ಬಂತು,
ಈ ತಿಂಗಳಲ್ಲಿ ಬರಬಾರದ ಮೋಡ.
ಅವಳು ಚಾಪೆಯ ಒಂದು ತುದಿ ಎತ್ತಿ
ನನ್ನತ್ತ ನೋಡದೆ ಹೇಳಿದಳು,
"ಆ ಕಡೆ ಹಿಡಿ."