ಬೋಂಡ ೩೧

ಕಂಪನಿ ಟಿಕೆಟ್ಟು ಎರಡು ವರ್ಷಕ್ಕೊಮ್ಮೆ,
ಕಪ್ಪು ಮಾತ್ರ ಪ್ರತಿ ಜೂನಿಗೆ.
ಹಾಗಾಗಿ ಆ ಪಂದ್ಯಾವಳಿ ಬೆಳೆದದ್ದನ್ನು ನಾನು ನೋಡಿದ್ದು
ಒಂದು ಮೆಟ್ಟಿಲು ಬಿಟ್ಟು ಒಂದು.
ಊರಿಗೆ ಹೋದ ವರ್ಷ ಏನಾಯಿತೋ ತಿಳಿಯದು;
ಹೋಗದ ವರ್ಷ ರೂವಿಯ ಮೂರನೇ ಮಹಡಿ,
ಹೊರಗೆ ನಲವತ್ತಾರು ಡಿಗ್ರಿ, ಬೋಳು ಗುಡ್ಡಗಳು
ಕಾದ ಕಾವಲಿಯಂತೆ, ಹೊಯ್ಯಲು ಹಿಟ್ಟಿಲ್ಲದೆ.

ಬೋಂಡ ಎಂಬ ಹೆಸರನ್ನು ಆಗಲೇ ಯಾರೋ ಹಿಡಿದಿದ್ದರು.
ಹಾಗಾಗಿ ಬೋಂಡ ೩೧. ಫ್ಲಾಟಿನ ನಂಬರು.
ಅರ್ಧ ಕುರಿಮರಿ, ಅರ್ಧ ಬೊಂಡಾಸು ಮೀನು.
ಮೂರು ದಿನ ಊಟ ಹಾಕದಿದ್ದರೆ ‘ಸಾಯುತ್ತಿದ್ದೇನೆ’ ಎನ್ನುತ್ತಿತ್ತು.
ಎಂದೂ ಸಾಯುತ್ತಿರಲಿಲ್ಲ.

ಮೊದಲ ಸಲ ಒಂದು ಚೆಂಡು, ಒಂದು ಬಲೆ, ಒಂದೇ ಗುಂಡಿ.
ಐವತ್ತು ಬೈಸದ ನಾಣ್ಯದಲ್ಲಿ ಇಂಟರ್ನೆಟ್ ಕಾರ್ಡು ಕೆರೆದು,
ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿ,
ಅದು ಕೀರಲು ದನಿಯಲ್ಲಿ ದಾರಿ ಹುಡುಕುವಷ್ಟು ಹೊತ್ತು
ನನಗೂ ತಮ್ಮ ಶೌರಿಗೂ ಸರದಿಯ ಜಗಳ.
ಸೈಟಿನಿಂದ ಅಪ್ಪ ಮಾಡಿದ ಕರೆ ತಾಗುತ್ತಿರಲಿಲ್ಲ;
ಸಂಜೆ ಬಂದು ಏನೂ ಹೇಳದೆ
ತಂತಿಯನ್ನು ನೀಟಾಗಿ ಸುತ್ತಿಡುತ್ತಿದ್ದರು.
ಗೆದ್ದವರಿಗೆ ಪದಕದ ಒಂದು ಚಿತ್ರ. ಅಷ್ಟೆ.

ಮುಂದಿನ ಬೆಸ ವರ್ಷ: ಹದಿನಾರು ತಂಡ, ಹದಿನಾರು ನಾಡು.
ಲವಿಟಾ ಪಿಂಟೋ, ದಾರ್ಸೈತಿನ ಮುಫೀದ್, ಮೇಲಿನ ಮನೆಯ ಶ್ರೀಜಿ,
ಎಲ್ಲರೂ ಹಿಮದ ನಾಡಿಗೆ ಹೆಸರು ಕೊಟ್ಟರು.
ನಾನೊಬ್ಬಳೇ ಜೌಗು ನಾಡು, ಜೆರ್ಸಿಯ ಹಸಿರು ಚೆಂದವೆಂದು.
ಹದಿನಾಲ್ಕನೆಯ ಸ್ಥಾನ.
ಒಮ್ಮೆ ಆರಿಸಿದ ನಾಡನ್ನು ನಡುವೆ ಬಿಡುವಂತಿಲ್ಲ, ಅದು ನಿಯಮ.
ಪಾಸ್‌ಪೋರ್ಟನ್ನು ಕಂಪನಿಯ ಕಪಾಟಿನಲ್ಲಿಟ್ಟು ದುಡಿಯುವ ಅಪ್ಪ
ಇದನ್ನು ಕೇಳಿ ಬಹಳ ಹೊತ್ತು ನಕ್ಕರು.

ಅಲ್ಲಿನ ದಿನ ನಮ್ಮ ಬೆಳಗ್ಗೆ ಹನ್ನೊಂದಕ್ಕೆ ಹುಟ್ಟುತ್ತಿತ್ತು.
ಹನ್ನೊಂದಕ್ಕೆ ಅಂಕ ಸೊನ್ನೆ, ಹನ್ನೊಂದಕ್ಕೆ ಹೊಸ ಎದುರಾಳಿ.

ಮತ್ತೆರಡು ವರ್ಷಕ್ಕೆ ಚೆಂಡು ಆಡಲಾರದವರಿಗೂ ಕೆಲಸ ಬಂತು:
ಗ್ಯಾಲರಿಯ ಜನಕ್ಕೆ ಐಸ್ ಪಾನಕ ಹಂಚುವುದು,
ಕೆಂಪು ಕೇಳಿದವರಿಗೆ ಕೆಂಪು, ಹಳದಿಗೆ ಹಳದಿ.
ಅಮ್ಮ ಬಂದು ಕೂತಳು.
ಬ್ಯಾಚುಲರ್ ರೂಮುಗಳಿಗೆ ದಿನಾ ಇಪ್ಪತ್ತೆರಡು ಬುತ್ತಿ ಕಟ್ಟುವ ಕೈ;
ಒಬ್ಬರ ಲೋಟವೂ ತಪ್ಪಲಿಲ್ಲ.
ಜೌಗು ನಾಡು ಒಂಬತ್ತಕ್ಕೇರಿತು.
ಚೆಂಡು ಯಾವ ಕಡೆಯ ಬಲೆಗೆ ಬೀಳಬೇಕೆಂದು
ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮೋಸ ಬಂತು. ಗುಂಡಿಯ ಮೇಲೆ ಭಾರ ಇಟ್ಟು
ಮಲಗಿಬಿಡುವವರು; ನಿದ್ದೆಯಲ್ಲೇ ಸಾವಿರ ಗೋಲು.
ನಾನೂ ಒಂದು ರಾತ್ರಿ ಖರ್ಜೂರದ ಡಬ್ಬಿ ಇಟ್ಟಿದ್ದೆ,
ಹೇಳಿಬಿಡುತ್ತೇನೆ.
ಅದಕ್ಕೆ ಅವರು ಲೆಕ್ಕವನ್ನೇ ಬದಲಿಸಿದರು.
ಹೆಚ್ಚು ಹೊಡೆದವರು ಏಕೆ ಸೋತರೆಂದು
ನೋಟುಬುಕ್ಕಿನಲ್ಲಿ ಕೂಡಿಸಿ ಕಳೆದು ಕೂಡಿಸಿ ಶೌರಿ
ಒಂದು ದಿನ ಅದನ್ನು ಅಲಮಾರಿಯ ಮೇಲೆಸೆದ. ಈಗಲೂ ಅಲ್ಲೇ ಇದೆ.

ಮತ್ತೊಂದು ಜೂನಿನಲ್ಲಿ ಮೈದಾನವೇ ತೆರೆಯಲಿಲ್ಲ.
ಪರದೆಯ ನಡುವೆ ಬೂದು ಚೌಕ.
ಆಟ ಓಡಿಸುವ ಯಂತ್ರದ ವೀಸಾ ಮುಗಿಯಿತು ಎಂದ ಶೌರಿ,
ಯಾರೂ ನಗಲಿಲ್ಲ. ಆ ವರ್ಷ ಅಪ್ಪನದೂ ಮುಗಿಯುವುದರಲ್ಲಿತ್ತು.

ಈಗ ಮೊಬೈಲಿನಲ್ಲಿ ಮರಳಿದೆ. ಬೆರಳು ಎಳೆದರೆ ಎಸೆತ.
ಆಡುವವರು ಕಡಿಮೆ; ಜೌಗು ನಾಡಿಗೆ ನಾಲ್ಕನೆಯ ಸ್ಥಾನ,
ಉಳಿದವರು ಬಾರದ್ದರಿಂದ.
ಹಮ್ರಿಯಾದ ಲ್ಯಾಬಿನಲ್ಲಿ ನನಗೆ ರಕ್ತ ತೆಗೆಯುವ ಕೆಲಸ,
ವರ್ಷವರ್ಷವೂ ಟಿಕೆಟ್ಟು ಕೊಳ್ಳುವ ಸಂಬಳ.
ಜೂನಿನಲ್ಲಿ ರಜೆ ಕೇಳುವುದಿಲ್ಲ.
ಕೇಳಿದವರಿಗೆ ದರ ಜಾಸ್ತಿ ಎನ್ನುತ್ತೇನೆ.

ನಿನ್ನೆ ಹನ್ನೊಂದಕ್ಕೆ ಮನೆಯಿಂದ ಅಮ್ಮನ ಫೋನು:
ಕೆಂಪೂ ಕೇಸರಿಯೂ ಈಗ ಒಂದೇ ಕಾಣುತ್ತವೆ ಮಾರಾಯ್ತಿ,
ಜನ ಬೈಯುತ್ತಿದ್ದಾರೆ.
ಸಂಜೆ ಪಕ್ಕದಲ್ಲಿ ಕೂತು ಬಣ್ಣ ಹೇಳಿದೆ,
ಕೆಂಪು, ಕೇಸರಿ, ಕೇಸರಿ, ಹಳದಿ, ಕೆಂಪು,
ಅಮ್ಮ ಹಂಚುತ್ತ ಹೋದಳು.
ಮೂಲೆಯಲ್ಲಿ ಬೋಂಡ ೩೧ ಸಾಯುತ್ತಿದ್ದೇನೆ ಎನ್ನುತ್ತಿತ್ತು.
ಅದಕ್ಕೆ ಊಟ ಹಾಕಲು
ಇಬ್ಬರಿಗೂ ಪುರುಸೊತ್ತಿರಲಿಲ್ಲ.