ನಲವತ್ತೊಂದು ಫ್ರೇಮು

ಮಿರೆಕ್, ನಿನ್ನೆ ಲುಬ್ಲಿನ್‌ಗೆ ಹೋಗಿದ್ದೆ, ಆ ಸಿನಿಮಾಕ್ಕೆ.
ತೊಳೆದು ಬಳಿದು ಹೊಸದು ಮಾಡಿದ್ದಾರಂತೆ.
ಬಸ್ಸಿನ ಚಾರ್ಜಿಗಿಂತ ಟಿಕೆಟ್ಟೇ ದುಬಾರಿ.
ಪಕ್ಕದ ಸೀಟಿನಲ್ಲಿ ನನ್ನ ಕೋಟು.

ಮೊದಲು ಬಿಳಿ. ಬಿಳಿಯೊಳಗಿಂದ ಜಾರುಬಂಡಿ.
ನನಗೆ ಮತ್ತೆ ಏಳು ವರ್ಷ ಬಂತು, ಮೊದಲು ಮೊಣಕಾಲಿಗೆ.
ಕ್ರಿಸ್‌ಮಸ್ಸಿನ ಮಾರನೆಯ ದಿನ, ಕೋಸಿನ ವಾಸನೆಯ ಕೋಣೆ, ಹನ್ನೊಂದು ಜನ,
ಒಂದು ಟೀವಿ, ಅದರ ನೆತ್ತಿಗೆ ಅಜ್ಜಿಯ ಕ್ರೋಶಾ ಬಟ್ಟೆ.
ನೀನು ಏರಿಯಲ್ ಹಿಡಿದು ಕಿಟಕಿಯ ಬಳಿ ನಿಲ್ಲಬೇಕು:
ನೀನು ಜೋರಾಗಿ ಉಸಿರಾಡಿದರೆ
ಕಾಸಕ್ಕರ ಕುದುರೆಗೆ ಆರು ಕಾಲು.

ಹಿಮ ಅಂದರೆ ಉಪ್ಪು, ಅದು ನಮಗೆ ಗೊತ್ತಿತ್ತು.
ಮೇ ತಿಂಗಳಲ್ಲಿ ನಮ್ಮೂರ ಬೀದಿಗೆ ಮೂರು ಲಾರಿ ಸುರಿದಿದ್ದರು.
ಕ್ಯಾಮೆರಾ ಎದ್ದುಹೋದ ಸಂಜೆ ಊರ ಹಸುಗಳೆಲ್ಲ ಬಂದು
ಸಾವಿರದ ಎಂಟುನೂರ ಅರವತ್ತಮೂರರ ಚಳಿಗಾಲವನ್ನು
ನೆಕ್ಕಿ ನೆಕ್ಕಿ ಮುಗಿಸಿದವು.
ಎರಡು ದಿನ ಹಾಲು ಉಪ್ಪುಪ್ಪಾಗಿತ್ತು ಎನ್ನುತ್ತಿದ್ದಳು ಅಮ್ಮ. ಸುಳ್ಳಿರಬೇಕು.

ಆಮೇಲೆ ಮೆಟ್ಟಿಲ ಮೇಲೆ ಆಕೆ, ದೊಡ್ಡಮನೆಯ ಒಡತಿ, ಕೈಯಲ್ಲಿ ಮೇಣದ ಬತ್ತಿ.
ಮಿರೆಕ್, ಆ ಗೌನು ಕೆಂಪು!
ಬೂದಿಯಲ್ಲ. ಬೀಟ್‌ರೂಟ್ ಸಾರಿನ ಕೆಂಪು.
ನಮ್ಮ ಟೀವಿಗೆ ಬಣ್ಣವಿಲ್ಲವೆಂದು ತಿಳಿದಿತ್ತು,
ಸಿನಿಮಾಕ್ಕೆ ಇದ್ದೀತೆಂದು ಯಾಕೆ ಹೊಳೆಯಲಿಲ್ಲ?
ಅವಳ ವಿದಾಯದ ಮಾತು ನನಗೆ ಬಾಯಿಪಾಠ,
ಕೋಳಿಗೂಡಿನ ಮುಂದೆ ನೀನು ಗಾಯಾಳು, ನಿನಗೆ ಯಾವಾಗಲೂ ನಗು.
ಆ ಬೂದಿಬಣ್ಣಕ್ಕಾಗಿ ಮುಂದೆ ಅಂಗಡಿ ಅಂಗಡಿ ಅಲೆದೆ,
ಮದುವೆಗೆ ಅದನ್ನೇ ಉಟ್ಟೆ, ಅತ್ತೆ ಅತ್ತರು.
ಮದುವೆಯೂ ಸುಮಾರಾಗಿ ಅದೇ ಬಣ್ಣದಲ್ಲಿ
ಹದಿನಾರು ವರ್ಷ ಬಾಳಿತು.

ಇರಲಿ. ನಾನು ಹೋದದ್ದು ಅದಕ್ಕಲ್ಲ.

ಗಾಯಗೊಂಡ ಹುಡುಗನನ್ನು ಹುಲ್ಲಿನಡಿ ಬಚ್ಚಿಟ್ಟು
ಜಾರುಬಂಡಿ ಹೊರಡುವ ಹೊತ್ತು. ಬಾಗಿಲ ಬಳಿ ಲಾಯದ ಆಳು.
ಕುದುರೆ ತಲೆ ಕೊಡವುತ್ತದೆ, ಆಳು ಕೈಯೆತ್ತಿ ಲಗಾಮು ಹಿಡಿಯುತ್ತಾನೆ,
ಅಂಗಿಯ ತೋಳು ಮೊಣಕೈಗೆ ಜಾರುತ್ತದೆ,
ಆಗಲ್ಲವೇ ಹನ್ನೊಂದು ಜನವೂ ಕೂಗುತ್ತಿದ್ದುದು, ಅಗೋ! ಅಗೋ!
ಅಪ್ಪನ ಮಣಿಕಟ್ಟು, ಅದರ ಮೇಲೆ ಫಳಕ್ಕನೆ ಗಡಿಯಾರ.

ಎರಡು ಗಂಟೆಗೆ ಇಟ್ಟಿಗೆ ಕಾರ್ಖಾನೆಯ ಪಾಳಿ ಇತ್ತು,
ಬಿಚ್ಚಿಡಲು ಧೈರ್ಯ ಬರಲಿಲ್ಲ, ಎನ್ನುತ್ತಿದ್ದ ಅಪ್ಪ,
ಪ್ರತಿವರ್ಷವೂ ಕಿವಿ ಕೆಂಪಾಗಿಸಿಕೊಂಡು.
ಅಮ್ಮ: "ಆ ದಂಗೆಯಲ್ಲಿ ಸರಿಯಾದ ಟೈಮು ಗೊತ್ತಿದ್ದವರು
ನಿಮ್ಮಪ್ಪ ಒಬ್ಬರೇ. ಯಾರೂ ಕೇಳಲಿಲ್ಲ. ಅದಕ್ಕೇ ಸೋತರು."

ನಿನ್ನೆ ಕುದುರೆ ತಲೆ ಕೊಡವಿತು. ಕೈ ಎದ್ದಿತು. ತೋಳು ಜಾರಿತು.
ನಾನು ಸೀಟಿನಿಂದ ಅರ್ಧ ಎದ್ದಿದ್ದೆ, ಬಾಯಲ್ಲಿ 'ಅ'.

ಬರಿಗೈ.
ಚರ್ಮ, ಕೂದಲು, ಉಬ್ಬಿದ ಒಂದು ನರವನ್ನೂ ಇಟ್ಟಿದ್ದಾರೆ,
ಪಾಪ, ಶ್ರದ್ಧೆಯಿಂದ.

ದೀಪ ಹತ್ತಿದ ಮೇಲೆ ಒಬ್ಬ ಹುಡುಗ ಮುಂದೆ ಬಂದ, ಒಂದೇ ಕಿವಿಗೆ ಓಲೆ,
ಮೆತ್ತನೆಯ ಮಾತು. ಗೀರುಗಳ ಲೆಕ್ಕ ಕೊಟ್ಟ, ಧೂಳಿನ ಲೆಕ್ಕ ಕೊಟ್ಟ.
ಒಂದು ತಪ್ಪೂ ಇತ್ತು, ಅಂದ, ಕೈಗಡಿಯಾರ;
ನಲವತ್ತೊಂದು ಫ್ರೇಮು, ಆರು ರಾತ್ರಿ ಕೂತು ಒರೆಸಿದೆ.
ಜನ ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ, ಮಿರೆಕ್.
ಆರು ರಾತ್ರಿ ಅಪ್ಪನ ಕೈಯನ್ನು
ಅಷ್ಟು ಹತ್ತಿರದಿಂದ ನೋಡಿದವರು
ನಮ್ಮ ಮನೆಯಲ್ಲಿ ಯಾರಿದ್ದಾರೆ?

ಗಡಿಯಾರ ನನ್ನ ಗುಂಡಿಗಳ ಡಬ್ಬಿಯಲ್ಲಿದೆ.
ಕೀ ಕೊಟ್ಟರೆ ನಾಲ್ಕು ನಿಮಿಷ ನಡೆಯುತ್ತದೆ,
ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ ನಡೆಯುತ್ತಿದ್ದಷ್ಟು.

ಒಂದು ಕೆಲಸ ಮಾಡು. ನಿನ್ನ ಅಟ್ಟದಲ್ಲಿ ಸ್ಕೀ ಪೆಟ್ಟಿಗೆಯ ಹಿಂದೆ ಹುಡುಕು,
ಆ ಕ್ಯಾಸೆಟ್ ಇರಬೇಕು, ಮೇಲೆ ಅಮ್ಮನ ಅಕ್ಷರ: ಅಳಿಸಬೇಡಿ.
ಕೊನೆಯ ಕಾಲು ಗಂಟೆಯ ಮೇಲೆ ನೀನು ಫುಟ್‌ಬಾಲ್ ಮ್ಯಾಚು ಹಿಡಿದಿದ್ದೆ,
ಅಮ್ಮ ಒಂದು ವಾರ ನಿನ್ನ ಹತ್ತಿರ ಮಾತು ಬಿಟ್ಟಿದ್ದಳು.
ಪರವಾಗಿಲ್ಲ.
ಅಪ್ಪ ಬರುವುದು ಅದಕ್ಕೂ ಮುಂಚೆ.